ಸೂಪರ್‌ಮಾರ್ಕೆಟ್‌ನ ಅಗ್ಗದ ವಾಗ್ಯು ಬೀಫ್: ಅಸಲಿಯೇ? ಕೊಟ್ಟ ದುಡ್ಡಿಗೆ ಬಾಳುತ್ತದೆಯೇ?

ಪ್ರಶ್ನೆ — ಕಬ್ಬಿಣದ ಕಾವಲಿ

ಸೂಪರ್‌ಮಾರ್ಕೆಟ್‌ನಲ್ಲಿ ಈಗ ವಾಗ್ಯು ಎಂಬ ಜಪಾನಿ ತಳಿಯ ದನದ ಸರ್ಲಾಯಿನ್ (ಬೆನ್ನಿನ ಹಿಂಭಾಗದ ಮಾಂಸ) ಸ್ಟೀಕ್ ಸಿಗುತ್ತಿದೆ. ಬೆಲೆ ಪಕ್ಕದಲ್ಲೇ ಇರುವ ಮಾಮೂಲಿ ಸರ್ಲಾಯಿನ್‌ನ ಒಂದೂವರೆ ಪಟ್ಟು, ಅಷ್ಟೇ. ಜಪಾನಿನ ಎ5, ಅಂದರೆ ಅತ್ಯುನ್ನತ ದರ್ಜೆಯ ಮಾಂಸದ ಬೆಲೆ ನೋಡಿದವರಿಗೆ ಇದು ನಂಬುವ ಹಾಗಿಲ್ಲ. ಪ್ಯಾಕೆಟ್ ಮೇಲೆ ‘ವಾಗ್ಯು’ ಎಂದು ದೊಡ್ಡಕ್ಷರದಲ್ಲಿದೆ. ತಳಿ ಶೇಕಡಾ ಎಷ್ಟು ಎಂದಾಗಲಿ, ಮಾರ್ಬ್ಲಿಂಗ್ (ಮಾಂಸದೊಳಗೆ ಹರಡಿದ ಕೊಬ್ಬಿನ) ಅಂಕವಾಗಲಿ ಇಲ್ಲ. ಇದು ನಿಜಕ್ಕೂ ವಾಗ್ಯುವೇ? ಪಕ್ಕದಲ್ಲಿ ವಾಗ್ಯು ಬರ್ಗರ್ ಕೂಡ ಇದೆ. ಕೊಂಡರೆ ಯಾವುದನ್ನು ಕೊಳ್ಳಬೇಕು? ಬೇಯಿಸುವ ರೀತಿಯೂ ಬೇರೆಯೇ?

ಉತ್ತರ — ತಳಿ ತಪಶೀಲು

ಸುಳ್ಳಲ್ಲ. ಆದರೆ ಆ ಹೆಸರು ಕೇಳಿದಾಗ ನಿಮ್ಮ ಮನಸ್ಸಿಗೆ ಬರುವ ಮಾಂಸವೂ ಅಲ್ಲ.

ಜಪಾನಿನಲ್ಲಿ ವಾಗ್ಯು ಎಂದರೆ ನಾಲ್ಕೇ ತಳಿ: ಕಪ್ಪು, ಕಂದು, ಗಿಡ್ಡ ಕೊಂಬಿನದು, ಕೊಂಬಿಲ್ಲದ್ದು. ಇವುಗಳಲ್ಲಿ ಬಹುಪಾಲು ಕಪ್ಪು ತಳಿ. ಅಲ್ಲಿನ ನಿಯಮದ ಪ್ರಕಾರ ಈ ನಾಲ್ಕರೊಳಗೆ ಹುಟ್ಟಿ, ಜಪಾನಿನಲ್ಲೇ ಬೆಳೆದ ದನದ ಮಾಂಸಕ್ಕೆ ಮಾತ್ರ ಆ ಹೆಸರು. ವಾಗ್ಯು ಹೋರಿಗೂ ಹೋಲ್‌ಸ್ಟೀನ್ ಎಂಬ ಡೇರಿ ತಳಿಯ ಹಸುವಿಗೂ ಹುಟ್ಟಿದ್ದನ್ನು ಅಲ್ಲಿ ‘ಮಿಶ್ರತಳಿ’ ಎಂದೇ ಮಾರಬೇಕು. ಜಪಾನಿನ ಹೊರಗೆ ಅದೇ ಮಿಶ್ರತಳಿ ‘ವಾಗ್ಯು’ ಆಗಿ ಕಪಾಟಿಗೆ ಬರುತ್ತದೆ. ಅಗ್ಗದ ಪ್ಯಾಕೆಟ್‌ನಲ್ಲಿ ಸಾಮಾನ್ಯವಾಗಿ ಇರುವುದು ಇದೇ.

1976ರಲ್ಲಿ ನಾಲ್ಕು ಹೋರಿಗಳು ಅಮೆರಿಕಕ್ಕೆ ಹೋದವು. 1990ರ ದಶಕದಲ್ಲಿ ಇನ್ನಷ್ಟು ದನ, ವೀರ್ಯ, ಭ್ರೂಣ ಅಮೆರಿಕ, ಆಸ್ಟ್ರೇಲಿಯಾ ಸೇರಿದವು. ಆಮೇಲೆ ಜಪಾನ್ ಬಾಗಿಲು ಮುಚ್ಚಿತು. ಹೊರಗಿನ ವಾಗ್ಯು ರಕ್ತವೆಲ್ಲ ಬಹುತೇಕ ಆ ಸಣ್ಣ ಗುಂಪಿನದೇ. ಶುದ್ಧ ಹೋರಿಗೆ ಬೇರೆ ತಳಿಯ ಹಸು ಕೂಡಿದರೆ ಕರು ಎಫ್1, ಅಂದರೆ ಶೇ. 50. ಆ ಹೆಣ್ಣುಕರು ಬೆಳೆದ ಮೇಲೆ ಮತ್ತೆ ಶುದ್ಧ ಹೋರಿಗೆ ಕೊಟ್ಟರೆ ಎಫ್2, ಶೇ. 75. ಹೀಗೇ ಎಫ್3ಕ್ಕೆ 87.5, ಎಫ್4ಕ್ಕೆ 93.75. ಪ್ಯಾಕೆಟ್‌ನಲ್ಲಿ ಶೇಕಡಾವಾರು ಇಲ್ಲದಿದ್ದರೆ ಎಫ್1 ಎಂದುಕೊಂಡೇ ಲೆಕ್ಕ ಹಾಕಿ.

ಬೆಲೆ ಇಳಿಯಲು ಡೇರಿಯೇ ಮುಖ್ಯ ಕಾರಣ. ಹಾಲು ಕರೆಯಬೇಕೆಂದರೆ ಹಸು ಕರು ಹಾಕಲೇಬೇಕು, ಆದರೆ ಡೇರಿ ತಳಿಯ ಗಂಡುಕರುವಿಗೆ ಮಾಂಸದ ಮಾರುಕಟ್ಟೆಯಲ್ಲಿ ಹೇಳಿಕೊಳ್ಳುವ ಬೆಲೆಯಿಲ್ಲ. ಅದೇ ಹಸುವಿಗೆ ವಾಗ್ಯು ವೀರ್ಯ ಕೊಟ್ಟರೆ ಕರುವಿನ ಬೆಲೆ ಏರುತ್ತದೆ. ಕರು ಚಿಕ್ಕದಾಗಿ ಹುಟ್ಟುವುದರಿಂದ ಹೆರಿಗೆಯೂ ಸಲೀಸು. ಇನ್ನು ಮೇವು. ಜಪಾನಿನಲ್ಲಿ ಸುಮಾರು 28ರಿಂದ 30 ತಿಂಗಳವರೆಗೆ ಸಾಕುತ್ತಾರೆ, ಕೊನೆಯ ಬಹುಭಾಗ ಕಾಳಿನ ಮೇವು. ಆ ಖರ್ಚನ್ನು ಕಡಿಮೆ ಮಾಡಿದಷ್ಟೂ ಮಾಂಸದೊಳಗಿನ ಕೊಬ್ಬೂ ಕಡಿಮೆಯಾಗುತ್ತದೆ.

ಉತ್ತರ — ನೆಣ ನೋಡಿ ಕೊಳ್ಳಿ

ಮೇಲಿನದಕ್ಕೆ ಸೇರಿಸುತ್ತೇನೆ. ವಂಶ ಎಷ್ಟೇ ಇರಲಿ, ನೀವು ದುಡ್ಡು ಕೊಡುವುದು ಮಾಂಸದ ಎಳೆಗಳ ನಡುವಿನ ನೆಣಕ್ಕೆ. ಅದು ಪ್ಯಾಕೆಟ್‌ನಲ್ಲೇ ಕಣ್ಣಿಗೆ ಕಾಣುತ್ತದೆ. ಮೇಲಿನ ರಟ್ಟಿನ ಪಟ್ಟಿಯನ್ನು ಸರಿಸಿ ನೋಡಿ. ಕಣ್ಣಿನ ಭಾಗ, ಅಂದರೆ ನಡುವಿನ ದುಂಡನೆಯ ಸ್ನಾಯು, ಅದರಲ್ಲಿ ಸೂಜಿಮೊನೆಯಷ್ಟು ಸಣ್ಣ ಬಿಳಿ ಚುಕ್ಕೆಗಳೂ ಕೂದಲೆಳೆಯಂಥ ಗೆರೆಗಳೂ ಎಲ್ಲ ಕಡೆ ಹರಡಿರಬೇಕು. ಅಂಚಿನಲ್ಲಿ ದಪ್ಪ ಕೊಬ್ಬಿದ್ದು ನಡುವೆ ಬೋಳಾಗಿದ್ದರೆ ಅದಕ್ಕೆ ಹೆಚ್ಚುವರಿ ಬೆಲೆ ಕೊಡಬೇಡಿ. ಒಂದೇ ಕಪಾಟಿನ, ಒಂದೇ ಬೆಲೆಯ ನಾಲ್ಕು ಪ್ಯಾಕೆಟ್‌ಗಳಲ್ಲಿ ಅಜಗಜಾಂತರ ಇರುತ್ತದೆ. ಹುಡುಕಿ ತೆಗೆಯಿರಿ, ಸಂಕೋಚ ಬೇಡ.

ಅಂಕ ಬರೆದಿದ್ದರೆ ಯಾವ ದೇಶದ್ದು ನೋಡಿ. ಜಪಾನಿನಲ್ಲಿ ಎ, ಬಿ, ಸಿ ಎಂಬುದು ದೇಹದಿಂದ ಎಷ್ಟು ಮಾಂಸ ಸಿಕ್ಕಿತು ಎಂಬ ಲೆಕ್ಕ, ರುಚಿಗೂ ಅದಕ್ಕೂ ಸಂಬಂಧವಿಲ್ಲ. 1ರಿಂದ 5 ಗುಣಮಟ್ಟ. ಮಾರ್ಬ್ಲಿಂಗ್‌ಗೆ 1ರಿಂದ 12ರ ಅಳತೆ ಬೇರೆಯೇ ಇದೆ. 5 ಎನಿಸಿಕೊಳ್ಳಲು ಅದರಲ್ಲಿ ಕನಿಷ್ಠ 8 ಬೇಕು. ಆಸ್ಟ್ರೇಲಿಯಾದ ಅಳತೆ 0ಯಿಂದ 9. ಮಿಶ್ರತಳಿಗೆ ಅಲ್ಲಿನ 4, 5 ಬಂದರೆ ಒಳ್ಳೆಯ ಮಾಂಸವೇ.

ಜಪಾನಿನದು ಎಂದು ಹೇಳಿ ಮಾರುತ್ತಿದ್ದರೆ ಪ್ರತಿ ದನಕ್ಕೂ ಇರುವ 10 ಅಂಕಿಯ ಗುರುತಿನ ಸಂಖ್ಯೆ ಕೇಳಿ. ಅದನ್ನು ಜಪಾನ್ ಸರ್ಕಾರಿ ಸಂಸ್ಥೆಯ ಜಾಲತಾಣದಲ್ಲಿ ಹಾಕಿದರೆ ತಳಿ, ಹುಟ್ಟಿದ ದಿನ, ಬೆಳೆದ ಪ್ರಾಂತ ಸಿಗುತ್ತದೆ. ‘ಕೋಬೆ ಶೈಲಿ’, ‘ವಾಗ್ಯು ಶೈಲಿ’ ಎಂಬ ಬರಹಗಳಿಗೆ ಬೆಲೆ ಕೊಡಬೇಡಿ. ಕೋಬೆ ಎಂದರೆ ಹ್ಯೋಗೊ ಪ್ರಾಂತದ ತಾಜಿಮಾ ವಂಶದ ದನ ಮಾತ್ರ.

ಒಂದು ಎಚ್ಚರಿಕೆ. ಪದಾರ್ಥಗಳ ಪಟ್ಟಿಯಲ್ಲಿ ದನದ ಮಾಂಸದ ಜೊತೆ ದನದ ಕೊಬ್ಬು, ನೀರು, ಫಾಸ್ಫೇಟ್ ಇದ್ದರೆ ಅದು ಸೂಜಿಯಿಂದ ಕೊಬ್ಬು ತುಂಬಿದ ಮಾಂಸ. ಬಿಳಿ ಗೆರೆಗಳು ಅಸಹಜವಾಗಿ ಒಂದೇ ಸಮ ಇರುತ್ತವೆ. ಮೇಲ್ಮೈಯ ಬ್ಯಾಕ್ಟೀರಿಯಾ ಸೂಜಿಯ ಜೊತೆ ಒಳಗೆ ಹೋಗಿರಬಹುದಾದ್ದರಿಂದ ಅದನ್ನು ನಡುವಿನವರೆಗೂ ಬೇಯಿಸಲೇಬೇಕು.

ಉತ್ತರ — ಕೀಮಾ ಕೈಚಳಕ

ಬರ್ಗರ್ ಬಿಟ್ಟುಬಿಡಿ. ಮಾರ್ಬ್ಲಿಂಗ್‌ನ ಬೆಲೆಯೆಲ್ಲ ಕೊಬ್ಬು ಎಳೆಗಳ ನಡುವೆ ಹೇಗೆ ಹರಡಿದೆ ಎಂಬುದರಲ್ಲಿದೆ. ಯಂತ್ರಕ್ಕೆ ಹಾಕಿ ಅರೆದ ಮೇಲೆ ಆ ಹರವು ಉಳಿಯುವುದಿಲ್ಲ. ಭುಜದ ಮಾಂಸಕ್ಕೆ ಶೇ. 20 ಕೊಬ್ಬು ಸೇರಿಸಿ ಒರಟಾಗಿ ಅರೆದರೆ ಯಾವ ತಳಿಯದಾದರೂ ಬರ್ಗರ್ ರಸವತ್ತಾಗಿ ಬರುತ್ತದೆ. ವಾಗ್ಯು ಕೊಬ್ಬು ಬೇಗ ಕರಗುವಂಥದ್ದು. ಕೀಮಾವನ್ನು ಸುರಕ್ಷತೆಗಾಗಿ ಒಳಗೆ 71 ಡಿಗ್ರಿವರೆಗೆ ಕಾಯಿಸುವಷ್ಟರಲ್ಲಿ ಬಹಳಷ್ಟು ಹರಿದು ಕಾವಲಿ ಸೇರಿರುತ್ತದೆ, ಬರ್ಗರ್ ಕುಗ್ಗಿರುತ್ತದೆ.

ಮರುಪ್ರಶ್ನೆ — ಕಬ್ಬಿಣದ ಕಾವಲಿ

ಹಾಗಾದರೆ ಸ್ಟೀಕೇ ಸರಿ. ಇಲ್ಲಿ ಸಿಗುವ ತುಂಡುಗಳು ತೆಳ್ಳಗಿವೆ, ಸುಮಾರು ಒಂದೂವರೆ ಸೆಂ.ಮೀ. ಹೊಗೆ ಏಳುವಷ್ಟು ಕಾಯಿಸಿದ ಕಾವಲಿಗೆ ಹಾಕಬಹುದೇ?

ಉತ್ತರ — ಹದವಾದ ಉರಿ

ಅಷ್ಟು ಕಾಯಿಸಬೇಡಿ. ಕರಗಿ ಬರುವ ಕೊಬ್ಬೇ ಸುಟ್ಟು ಕಹಿಯಾಗುತ್ತದೆ. ಮಧ್ಯಮಕ್ಕಿಂತ ಸ್ವಲ್ಪ ಜೋರಾದ ಉರಿ ಸಾಕು, ಎಣ್ಣೆ ಬೇಡ.

ಪ್ಯಾಕೆಟ್ ಬಿಚ್ಚಿ ಹತ್ತು ನಿಮಿಷ ಗಾಳಿಗೆ ಬಿಡಿ. ನಿರ್ವಾತ ಪ್ಯಾಕಿಂಗ್‌ನ ವಾಸನೆ ಹೋಗುತ್ತದೆ, ಕಂದಿದ ಬಣ್ಣ ಕೆಂಪಿಗೆ ತಿರುಗುತ್ತದೆ. ಕಾಗದದಿಂದ ಒತ್ತಿ ಪೂರ್ತಿ ಒಣಗಿಸಿ. ತೇವ ಇದ್ದರೆ ಮಾಂಸ ಹಬೆಯಲ್ಲಿ ಬೆಂದು ಬೂದುಬಣ್ಣಕ್ಕೆ ತಿರುಗುತ್ತದೆ. ಉಪ್ಪನ್ನು ಒಂದೋ ಮುಕ್ಕಾಲು ಗಂಟೆ ಮೊದಲು ಹಾಕಿ, ಇಲ್ಲವೇ ಕಾವಲಿಗೆ ಇಡುವ ಕ್ಷಣದಲ್ಲಿ. ನಡುವೆ ಹಾಕಿದರೆ ಬಿಟ್ಟ ನೀರು ಮೇಲೇ ನಿಂತಿರುತ್ತದೆ.

ಒಂದೂವರೆ ಸೆಂ.ಮೀ. ತುಂಡನ್ನು ಒಣಗಿಸಿದ ಮೇಲೆ ಮತ್ತೆ ಫ್ರಿಜ್‌ನಲ್ಲಿಟ್ಟು, ಅಲ್ಲಿಂದ ನೇರವಾಗಿ ತೆಗೆದು ಹಾಕಿ. ಒಳಗೆ ತಣ್ಣಗಿದ್ದಷ್ಟೂ ಹೊರಗೆ ಬಣ್ಣ ಬರಲು ಸಮಯ ಸಿಗುತ್ತದೆ. ಮೊದಲು ಇಕ್ಕಳದಲ್ಲಿ ಹಿಡಿದು ನೆಣದ ಅಂಚನ್ನು ಒಂದೆರಡು ನಿಮಿಷ ಕಾವಲಿಗೆ ಒತ್ತಿ, ಅದು ಕರಗಿ ತಳಕ್ಕೆ ಹರಡಲಿ. ಆಮೇಲೆ ಮಲಗಿಸಿ, ಪ್ರತಿ 30–40 ಸೆಕೆಂಡಿಗೆ ಮಗುಚಿ. ಕೊಬ್ಬು ಮಡುಗಟ್ಟಿದರೆ ಬಸಿದುಬಿಡಿ, ಇಲ್ಲವಾದರೆ ಮಾಂಸ ಕರಿದಂತಾಗುತ್ತದೆ. ಥರ್ಮಾಮೀಟರನ್ನು ಪಕ್ಕದಿಂದ ಚುಚ್ಚಿ, 52–53 ಡಿಗ್ರಿ ಬಂದಾಗ ಕಾವಲಿಯಿಂದ ಇಳಿಸಿ, ಮೂರ್ನಾಲ್ಕು ನಿಮಿಷ ಬಿಡಿ. 55ರ ಆಸುಪಾಸಿಗೆ ಏರುತ್ತದೆ. ಅದಕ್ಕಿಂತ ಹಸಿಯಾಗಿ ಇಳಿಸಿದರೆ ಒಳಗಿನ ಕೊಬ್ಬು ಸರಿಯಾಗಿ ಕರಗಿರುವುದಿಲ್ಲ, ಬಾಯಿಗೆ ಮೇಣದಂತೆ ಅಂಟುತ್ತದೆ. 60 ದಾಟಿದರೆ ಒಂದೂವರೆ ಪಟ್ಟು ಕೊಟ್ಟ ಲಾಭವೆಲ್ಲ ಕಾವಲಿ ಪಾಲು.

ಬಸಿದ ಕೊಬ್ಬನ್ನು ಸೋಸಿ ಫ್ರಿಜ್‌ನಲ್ಲಿಡಿ, ಆಲೂಗಡ್ಡೆ ಹುರಿಯಲು ಬರುತ್ತದೆ.