ಶೆಡ್‌ನಲ್ಲಿ ನಿಂತಿರುವ 2001ರ ಸಿಟಿ ವಿಟೆಕ್ ತಗೊಳ್ಳೋಣ ಅಂತಿದ್ದೇನೆ, ಏನೇನು ನೋಡಬೇಕು?

ತುಂಗಾತೀರ_14

ಎಲ್ಲರಿಗೂ ನಮಸ್ಕಾರ. ನಾನಿರೋದು ಶಿವಮೊಗ್ಗ. ಭದ್ರಾವತಿಯಲ್ಲಿ ಒಂದು ಹೋಂಡಾ ಸಿಟಿ 1.5 ವಿಟೆಕ್ (ಜೋರಾಗಿ ತಿರುಗುವಾಗ ವಾಲ್ವ್ ಜಾಸ್ತಿ ತೆರೆದು ಪವರ್ ಹೆಚ್ಚಿಸೋ ಹೋಂಡಾ ಎಂಜಿನ್) ಮಾರಾಟಕ್ಕಿದೆ. 2001ರ ಗಾಡಿ, ಕೆಎ 14 ರಿಜಿಸ್ಟ್ರೇಷನ್, ಮೊದಲಿಂದ ಒಬ್ಬರದೇ ಹೆಸರಿನಲ್ಲಿದೆ. ಅವರಿಗೆ ಈಗ ವಯಸ್ಸಾಗಿದೆ, ಓಡಿಸೋದನ್ನ ಬಿಟ್ಟಿದ್ದಾರೆ, ಗಾಡಿ ಕೆಲವು ವರ್ಷದಿಂದ ಶೆಡ್‌ನಲ್ಲೇ ನಿಂತಿದೆ. ಮೇಲಿಂದ ನೋಡಿದರೆ ಚೆನ್ನಾಗೇ ಇದೆ. ಬ್ಯಾಟರಿ ಸತ್ತಿದೆ, ಹಾಗಾಗಿ ಸ್ಟಾರ್ಟ್ ಮಾಡಿ ನೋಡೋಕೆ ಆಗಲಿಲ್ಲ.

ಈ ಕಾರಿನ ಮೇಲೆ ನನಗೆ ಕಾಲೇಜಿನ ದಿನಗಳಿಂದ ಆಸೆ. ಆ ಕಾಲಕ್ಕೆ 106 ಬಿಎಚ್‌ಪಿ ಅಂದರೆ ಸಣ್ಣ ಮಾತಲ್ಲ, ಅದೂ ಸುಮಾರು ಒಂದು ಟನ್ ತೂಕದ ಸೆಡಾನ್‌ನಲ್ಲಿ. 2003ರಲ್ಲಿ ಹೊಸ ಆಕಾರದ ಸಿಟಿ 77 ಬಿಎಚ್‌ಪಿ ಎಂಜಿನ್ ಹೊತ್ತು ಬಂದಾಗ ಎಷ್ಟು ಜನ ಬೇಜಾರು ಮಾಡಿಕೊಂಡಿದ್ದರು ಅಂತ ಇಲ್ಲಿ ಇರೋರಿಗೆ ನಾನು ಹೇಳಬೇಕಿಲ್ಲ.

ಮನೆಗೆ ಬೇರೆ ಕಾರಿದೆ, ಇದು ದಿನದ ಓಡಾಟಕ್ಕಲ್ಲ. ಭಾನುವಾರ ಆಗುಂಬೆ ಕಡೆ, ತೀರ್ಥಹಳ್ಳಿ ಕಡೆ ಹೋಗಿ ಬರೋಕೆ. ಗೊತ್ತಿರೋರು ಹೇಳಿ: ಕೊಳ್ಳೋ ಮುಂಚೆ ಏನು ನೋಡಬೇಕು? ಇಷ್ಟು ವರ್ಷ ನಿಂತ ಎಂಜಿನ್ ಎಬ್ಬಿಸೋದು ಹೇಗೆ? ಪಾರ್ಟ್ಸ್ ಸಿಗುತ್ತಾ? ಈಗಿನ ಇ20 (20% ಎಥನಾಲ್ ಬೆರೆಸಿದ) ಪೆಟ್ರೋಲ್ ಹಾಕಿದರೆ ಏನಾಗುತ್ತೆ? ಆರ್‌ಸಿ 2026ಕ್ಕೆ ಮತ್ತೆ ರಿನ್ಯೂ ಮಾಡಿಸಬೇಕು, ಅದೂ ಒಂದು ಚಿಂತೆ.

ಮೈಸೂರು_ವಿಟೆಕ್

ಮೊದಲು ಒಂದು ಮಾತು ಸರ್. ಬಾನೆಟ್ ಎತ್ತಬೇಡಿ. ಎಲ್ಲರೂ ಅಲ್ಲಿಂದಲೇ ಶುರು ಮಾಡ್ತಾರೆ, ಎಂಜಿನ್ ನೋಡಿ ಮರುಳಾಗಿ ಅಲ್ಲೇ ಅಡ್ವಾನ್ಸ್ ಕೊಟ್ಟುಬಿಡ್ತಾರೆ. ಈ ಗಾಡಿಯಲ್ಲಿ ಎಂಜಿನ್ ಕೊನೆಗೆ ನೋಡಬೇಕಾದ್ದು. ಎಂಜಿನ್ ಕೆಟ್ಟಿದ್ದರೆ ಬಿಚ್ಚಿ ಕಟ್ಟಬಹುದು. ಬಾಡಿ ಕೊಳೆತಿದ್ದರೆ ಎಷ್ಟು ದುಡ್ಡು ಸುರಿದರೂ ಆ ಗಾಡಿ ಮತ್ತೆ ಗಟ್ಟಿ ಆಗೋದಿಲ್ಲ. ಹಾಗಾಗಿ ಒಂದು ಟಾರ್ಚ್, ಒಂದು ಸಣ್ಣ ಮ್ಯಾಗ್ನೆಟ್, ಕೂರೋಕೆ ಒಂದು ಗೋಣಿಚೀಲ ತಗೊಂಡು ಹೋಗಿ.

ಹಿಂದಿನ ಚಕ್ರದ ಮೇಲಿನ ಕಮಾನು ಇದೆಯಲ್ಲ, ಅದರ ಒಳಮಡಿಕೆಗೆ ಬೆರಳು ಹಾಕಿ ಸವರಿ. ಮಣ್ಣು ಕೂತು ನೀರು ನಿಲ್ಲೋದು ಅಲ್ಲೇ, ತುಕ್ಕು ಹಿಡಿಯೋದೂ ಮೊದಲು ಅಲ್ಲೇ. ಹೊರಗಡೆ ಪೇಂಟ್ ಗುಳ್ಳೆ ಎದ್ದಿದೆ ಅಂದರೆ ಒಳಗೆ ಆಗಲೇ ತೂತು ಬಿದ್ದಿದೆ ಅಂತಲೇ ಲೆಕ್ಕ. ಮ್ಯಾಗ್ನೆಟ್ ಇಟ್ಟು ನೋಡಿ, ಹಿಡಿಯಲಿಲ್ಲ ಅಂದರೆ ಅಲ್ಲಿ ತಗಡಿಲ್ಲ, ಪುಟ್ಟಿ ಇದೆ. ಆಮೇಲೆ ಡಿಕ್ಕಿ ಕಾರ್ಪೆಟ್ ಎತ್ತಿ ಸ್ಟೆಪ್ನಿ ತೆಗೆಯಿರಿ, ಆ ಗುಂಡಿಯಲ್ಲಿ ನೀರಿನ ಕಲೆ ಇದ್ದರೆ ಟೈಲ್‌ಲ್ಯಾಂಪ್ ರಬ್ಬರ್ ಅಥವಾ ಡಿಕ್ಕಿ ಬೀಡಿಂಗ್ ಸೋರ್ತಿದೆ. ಡ್ರೈವರ್ ಕಾಲಿನ ಕೆಳಗಿನ ಮ್ಯಾಟ್ ಎತ್ತಿ ಕೈ ಒತ್ತಿ. ಬಾಗಿಲುಗಳ ಕೆಳ ಅಂಚು, ಬಾಗಿಲ ಕೆಳಗಿನ ಪಟ್ಟಿ, ಮುಂದಿನ ಸಸ್ಪೆನ್ಷನ್ ಕೂರೋ ಜಾಗ, ಇಷ್ಟು ನೋಡಿದರೆ ಅರ್ಧ ತೀರ್ಮಾನ ಆಯ್ತು.

ಎರಡನೆಯದು, ಅದು ನಿಜವಾಗಲೂ ವಿಟೆಕ್ಕಾ ಅಂತ. ಡಿಕ್ಕಿ ಮೇಲಿನ ಬ್ಯಾಡ್ಜ್ ನಂಬಬೇಡಿ, ಅದು ಅಂಗಡಿಯಲ್ಲಿ ಸಿಗುತ್ತೆ. ಆರ್‌ಸಿಯಲ್ಲಿ ಸಿಸಿ ನೋಡಿದರೂ ಗೊತ್ತಾಗಲ್ಲ, ಯಾಕೆಂದರೆ ಸಾದಾ 1.5 ಮಾಡೆಲ್‌ನದೂ ಅದೇ 1493 ಸಿಸಿ, ಅದರ ಪವರ್ 100ರ ಆಸುಪಾಸು. ಎಂಜಿನ್ನಿನ ಮೇಲ್ಭಾಗವಾದ ಹೆಡ್ ಪಕ್ಕದಲ್ಲಿ ವೈರ್ ಕನೆಕ್ಟರ್ ಇರೋ ವಿಟೆಕ್ ಸೊಲೆನಾಯ್ಡ್ (ಕರೆಂಟಿನಿಂದ ತೆರೆದು ಆಯಿಲ್ ಬಿಡೋ ವಾಲ್ವ್) ಕೂತಿರಬೇಕು. ಎಂಜಿನ್ ನಂಬರ್ ಆರ್‌ಸಿಗೆ ತಾಳೆ ಆಗಬೇಕು. ಈ ಗಾಡಿಗಳು ರ‍್ಯಾಲಿಯಲ್ಲಿ ತುಂಬಾ ಓಡಿವೆ, ಎಂಜಿನ್ ಅದಲು ಬದಲಾಗಿರೋವೂ ಬೇಕಾದಷ್ಟಿವೆ. ಒಬ್ಬರೇ ಓನರ್ ಅಂತಿದ್ದೀರಿ, ನಿಮ್ಮದರಲ್ಲಿ ಆ ಭಯ ಕಡಿಮೆ.

ಇನ್ನೊಂದು, ದಯವಿಟ್ಟು ಮಾಡಿಫೈ ಮಾಡಬೇಡಿ. ದೊಡ್ಡ ಎಕ್ಸಾಸ್ಟ್, ಕತ್ತರಿಸಿದ ಸ್ಪ್ರಿಂಗ್, ಇದ್ಯಾವುದೂ ಬೇಡ. ಮೊದಲೇ ನೆಲಕ್ಕೆ ಹತ್ತಿರ ಇರೋ ಗಾಡಿ, ನಮ್ಮ ಹಂಪ್‌ಗಳಲ್ಲಿ ಕೆಳಗೆ ಉಜ್ಜುತ್ತೆ. ಕಂಪನಿಯಿಂದ ಬಂದ ಹಾಗೇ ಉಳಿದಿರೋ ವಿಟೆಕ್ ಈಗ ಸಿಗೋದೇ ಅಪರೂಪ. ಅದನ್ನ ಹಾಗೇ ಉಳಿಸೋದೇ ದೊಡ್ಡ ಕೆಲಸ.

ಹುಬ್ಬಳ್ಳಿ_ಸ್ಪ್ಯಾನರ್

ನಾನು ಗ್ಯಾರೇಜ್ ನಡೆಸೋನು, ಎಂಜಿನ್ ವಿಚಾರ ನಾನು ಹೇಳ್ತೀನಿ.

ನಿಂತ ಗಾಡಿಗೆ ಹೊಸ ಬ್ಯಾಟರಿ ಕಟ್ಟಿ ಸೆಲ್ಫ್ ಹೊಡೆಯೋದು ಬೇಡ. ಓನರ್ ಪ್ರೀತಿಯಿಂದ "ಸ್ಟಾರ್ಟ್ ಮಾಡಿ ನೋಡಿ" ಅಂದರೂ ಬೇಡ. ಟ್ಯಾಂಕಿನಲ್ಲಿರೋ ಹಳೇ ಪೆಟ್ರೋಲ್ ಇಳಿಸಿ, ಮೂಸಿ ನೋಡಿದರೆ ವಾರ್ನಿಷ್ ವಾಸನೆ ಬರುತ್ತೆ. ನಾಲ್ಕೂ ಪ್ಲಗ್ ಬಿಚ್ಚಿ ಪ್ರತಿ ಸಿಲಿಂಡರ್‌ಗೆ ಒಂದೊಂದು ಚಮಚ ಎಂಜಿನ್ ಆಯಿಲ್ ಬಿಟ್ಟು ಒಂದು ರಾತ್ರಿ ಬಿಡಿ. ಬೆಳಿಗ್ಗೆ ಕ್ರ್ಯಾಂಕ್ ಪುಲ್ಲಿ ಬೋಲ್ಟಿಗೆ ಪಾನಾ ಹಾಕಿ ಕೈಯಲ್ಲಿ ತಿರುಗಿಸಿ. ಗಮನ ಇರಲಿ, ಈ ಎಂಜಿನ್ ಬೇರೆ ಗಾಡಿಗಳ ಥರ ಅಲ್ಲ, ಪುಲ್ಲಿ ಕಡೆಯಿಂದ ನೋಡಿದರೆ ಎಡಕ್ಕೆ ತಿರುಗುತ್ತೆ. ಸಲೀಸಾಗಿ ಎರಡು ಸುತ್ತು ಬಂತು ಅಂದರೆ ಜೀವ ಇದೆ. ಎಲ್ಲಾದರೂ ಗಟ್ಟಿಯಾಗಿ ತಡೆದರೆ ಬಲ ಹಾಕಬೇಡಿ, ನಿಲ್ಲಿಸಿ ಮೆಕ್ಯಾನಿಕ್ ಕರೀರಿ.

ಸ್ಟಾರ್ಟ್ ಮಾಡೋ ಮುಂಚೆಯೇ ಟೈಮಿಂಗ್ ಬೆಲ್ಟ್ (ವಾಲ್ವ್ ತೆರೆಯೋ ಕ್ಯಾಮನ್ನ ಕ್ರ್ಯಾಂಕ್ ಜೊತೆ ತಿರುಗಿಸೋದು) ಹೊಸದು ಹಾಕಿಸಿ. ಮೀಟರ್‌ನಲ್ಲಿ ಎಷ್ಟೇ ಕಡಿಮೆ ಕಿಲೋಮೀಟರ್ ಇರಲಿ, ಅದು ರಬ್ಬರ್, ವರ್ಷ ಕಳೆದ ಹಾಗೆ ತಾನಾಗೇ ಹಾಳಾಗುತ್ತೆ. ಬೆಲ್ಟ್ ಕಿತ್ತು ವಾಲ್ವ್ ಬಗ್ಗಿದರೆ ಹೆಡ್ ಇಳಿಸಬೇಕು, ಖರ್ಚು ಎಲ್ಲಿಗೋ ಹೋಗುತ್ತೆ. ವಾಟರ್ ಪಂಪ್ ತಿರುಗೋದೂ ಅದೇ ಬೆಲ್ಟಿನಿಂದ, ಬಿಚ್ಚಿದಾಗಲೇ ಪಂಪು, ಟೆನ್ಷನರ್, ಮುಂದಿನ ಆಯಿಲ್ ಸೀಲ್ ಎಲ್ಲಾ ಒಟ್ಟಿಗೆ ಮುಗಿಸಿ.

ಈ ಗಾಡಿ ಕೊಡೋ ಕಾಟ ಮುಖ್ಯವಾಗಿ ಮೂರು. ಒಂದು ಮೇನ್ ರಿಲೇ, ಅಂದರೆ ಪೆಟ್ರೋಲ್ ಪಂಪಿಗೆ ಕರೆಂಟ್ ಕೊಡೋ ಸ್ವಿಚ್ಚು. ಬಿಸಿಲಲ್ಲಿ ನಿಲ್ಲಿಸಿ ಅರ್ಧ ಗಂಟೆ ಬಿಟ್ಟು ಬಂದು ಸೆಲ್ಫ್ ಹೊಡೆದರೆ ಎಂಜಿನ್ ತಿರುಗುತ್ತೆ, ಹತ್ತಲ್ಲ. ಗಾಡಿ ತಣ್ಣಗಾದ ಮೇಲೆ ಏನೂ ಆಗದ ಹಾಗೆ ಹತ್ತುತ್ತೆ. ಆಗ ಕೀ ಆನ್ ಮಾಡಿ ಕಿವಿಗೊಡಿ, ಹಿಂದಿನ ಸೀಟಿನ ಕಡೆಯಿಂದ ಪೆಟ್ರೋಲ್ ಪಂಪ್ ಎರಡು ಸೆಕೆಂಡ್ "ಗುಯ್ಯ್" ಅನ್ನಬೇಕು. ಅನ್ನಲಿಲ್ಲ ಅಂದರೆ ಮೊದಲ ಅನುಮಾನ ಡ್ಯಾಶ್‌ಬೋರ್ಡ್ ಕೆಳಗಿರೋ ಆ ರಿಲೇ ಮೇಲೆ. ಒಳಗಿನ ಬೆಸುಗೆ ಶಾಖಕ್ಕೆ ಕೂದಲೆಳೆಯಷ್ಟು ಸೀಳಿರುತ್ತೆ, ಕಣ್ಣಿಗೆ ಕಾಣೋದೂ ಕಷ್ಟ. ಟಿವಿ ರಿಪೇರಿಯವರ ಹತ್ರ ಕೊಟ್ಟು ಮತ್ತೆ ಸೋಲ್ಡರ್ ಮಾಡಿಸಿದರೆ ಸರಿಹೋಗುತ್ತೆ. ಇದು ಗೊತ್ತಿಲ್ಲದೆ ಒಳ್ಳೇ ಪೆಟ್ರೋಲ್ ಪಂಪನ್ನೇ ಬದಲಾಯಿಸಿ ಬಿಲ್ ಮಾಡಿರೋ ವರ್ಕ್‌ಶಾಪ್ ಕಂಡಿದ್ದೀನಿ.

ಎರಡು ಡಿಸ್ಟ್ರಿಬ್ಯೂಟರ್, ಅಂದರೆ ಪ್ಲಗ್‌ಗಳಿಗೆ ಕರೆಂಟ್ ಹಂಚೋದು. ಒಳಗಿನ ಇಗ್ನೈಟರ್ ಹೋದರೆ ಗಾಡಿ ನಡುರಸ್ತೆಯಲ್ಲಿ ನಿಲ್ಲುತ್ತೆ. ಹೆಡ್ಡಿಗೆ ಕೂರೋ ಕಡೆ ಒಂದು ಓ ರಿಂಗ್ ಇದೆ, ಅದು ಒಣಗಿ ಆಯಿಲ್ ಜಿನುಗುತ್ತೆ. ಕೆಳಗಿನ ಗೇರ್‌ಬಾಕ್ಸ್ ಮೇಲೆ ಆಯಿಲ್ ಕಂಡರೆ ಗೇರ್‌ಬಾಕ್ಸ್ ಸೀಲ್ ಹೋಯ್ತು ಅಂತ ಗಾಬರಿ ಆಗಬೇಡಿ, ಮೊದಲು ಇದನ್ನ ನೋಡಿ.

ಮೂರು, ನೀವು ಆಸೆಪಟ್ಟಿರೋ ಆ ವಿಟೆಕ್ಕೇ. ಅದು ಕೆಲಸ ಮಾಡೋದು ಆಯಿಲ್ ಪ್ರೆಶರ್‌ನಿಂದ. ನಿಧಾನಕ್ಕೆ ಓಡಿಸುವಾಗ ಇನ್ಟೇಕ್ ವಾಲ್ವ್‌ಗಳನ್ನ ಚಿಕ್ಕ ಕ್ಯಾಮ್ (ತಿರುಗೋ ದಂಡದ ಮೇಲಿನ ಉಬ್ಬು) ತಳ್ಳುತ್ತೆ. ಆರ್‌ಪಿಎಂ ಮೇಲೆ ಹೋದಾಗ ಸೊಲೆನಾಯ್ಡ್ ತೆರೆದು ಆಯಿಲ್ ಒಳಗೆ ನುಗ್ಗಿ ಒಂದು ಪಿನ್ ತಳ್ಳುತ್ತೆ, ವಾಲ್ವ್ ಒತ್ತೋ ಮೂರು ರಾಕರ್ ತೋಳು ಒಂದಾಗಿ ಲಾಕ್ ಆಗಿ ನಡುವಿನ ಎತ್ತರದ ಕ್ಯಾಮ್ ಕೆಲಸಕ್ಕೆ ಬರುತ್ತೆ, ವಾಲ್ವ್ ಜಾಸ್ತಿ ತೆರೆಯುತ್ತೆ, ಜಾಸ್ತಿ ಹೊತ್ತು ತೆರೆದಿರುತ್ತೆ. ಆಯಿಲ್ ಲೆವೆಲ್ ಕಮ್ಮಿ ಇದ್ದರೆ, ಅಥವಾ ಸೊಲೆನಾಯ್ಡ್ ಕೆಳಗಿನ ಗ್ಯಾಸ್ಕೆಟ್‌ನಲ್ಲಿರೋ ಸಣ್ಣ ಜಾಲರಿ ಕೊಳೆಯಿಂದ ಮುಚ್ಚಿದ್ದರೆ, ಪಿನ್ ಹೋಗಲ್ಲ. ಗಾಡಿ ಸುಮ್ನೆ ಸಾದಾ ಸಿಟಿ ಥರ ಓಡುತ್ತೆ. ಎಷ್ಟೋ ಜನ "ಎಂಜಿನ್ ಮುಗೀತು" ಅಂತ ತಿಳ್ಕೊಂಡು ಮಾರ್ತಾರೆ, ಆಮೇಲೆ ನೋಡಿದರೆ ಆ ಜಾಲರಿ ತೊಳೆದು ಹೊಸ ಗ್ಯಾಸ್ಕೆಟ್ ಹಾಕಿದ್ದಕ್ಕೇ ಸರಿಹೋಗಿರುತ್ತೆ.

ಟ್ಯಾಪೆಟ್ (ವಾಲ್ವ್ ಮತ್ತು ರಾಕರ್ ನಡುವಿನ ಸಣ್ಣ ಸಂದು) ಸೆಟ್ ಮಾಡಿಸುವಾಗ ಎಂಜಿನ್ ಪೂರ್ತಿ ತಣ್ಣಗಿರಬೇಕು. ರಾತ್ರಿಯೇ ಗಾಡಿ ಬಿಟ್ಟು ಬನ್ನಿ, ಬೆಳಿಗ್ಗೆ ಮೊದಲ ಕೆಲಸವಾಗಿ ಮಾಡಲಿ.

ಸಿಲಿಕಾನ್_ಸವಾರ

ಎಲ್ಲರೂ ಹೊಗಳ್ತಿದ್ದೀರಿ, ನಾನು ಉಲ್ಟಾ ಹೇಳ್ತೀನಿ. ಸ್ಪೀಡೇ ಬೇಕು ಅಂದರೆ ಹಳೇ ಸ್ಕೋಡಾ ಆಕ್ಟೇವಿಯಾ ಆರ್‌ಎಸ್ ನೋಡಿ. 1.8 ಟರ್ಬೊ, 150 ಪಿಎಸ್, ಹೈವೇಯಲ್ಲಿ ಬಂಡೆ ಥರ ಕೂರುತ್ತೆ, ಬಾಡಿಯೂ ಗಟ್ಟಿ. ಸಿಟಿಯ ತಗಡು ತೆಳ್ಳಗೆ, ಈಗಿನ ಕಾರುಗಳ ಸುರಕ್ಷತೆ ಅದರಲ್ಲಿಲ್ಲ. ಹೆಂಡತಿ ಮಕ್ಕಳನ್ನ ಕೂರಿಸಿಕೊಂಡು ಹೋಗೋದಾದರೆ ಇದನ್ನೂ ಯೋಚಿಸಿ.

ಮೈಸೂರು_ವಿಟೆಕ್

ಸುರಕ್ಷತೆ ವಿಚಾರ ಒಪ್ಪಿದೆ ಬ್ರದರ್, ಅದಕ್ಕೇ ಇದನ್ನ ಮನೆಯ ಏಕೈಕ ಕಾರಾಗಿ ಇಟ್ಟುಕೊಳ್ಳಬಾರದು. ಆದರೆ ಆರ್‌ಎಸ್ ಬೇರೆಯೇ ಜಾತಿ. ಕಾಯಿಲ್, ವ್ಯಾಕ್ಯೂಮ್ ಪೈಪ್, ಡೈವರ್ಟರ್ ವಾಲ್ವ್, ಏರ್ ಫ್ಲೋ ಸೆನ್ಸರ್ ಅಂತ ಒಂದಾದ ಮೇಲೊಂದು ನೋಡ್ತಾ ಹೋಗಬೇಕು, ಸ್ಕ್ಯಾನರ್ ಇಲ್ಲದೆ ಕೈ ಹಾಕೋ ಹಾಗಿಲ್ಲ. ಶಿವಮೊಗ್ಗದಲ್ಲಿ ಕೂತು ಅದನ್ನ ನೋಡಿಕೊಳ್ಳೋದು ಕಷ್ಟ. ವಿಟೆಕ್ಕನ್ನ ಮನಸ್ಸಿಟ್ಟು ಕೇಳೋ ಒಬ್ಬ ಊರಿನ ಮೆಕ್ಯಾನಿಕ್ ಇದ್ದರೆ ಸಾಕು. ಮತ್ತೆ ಟರ್ಬೊ ತಳ್ಳೋದು ಬೇರೆ, ಘಾಟಿಯಲ್ಲಿ ಸೆಕೆಂಡ್ ಗೇರ್‌ನಲ್ಲಿ ಮುಳ್ಳು ಮೇಲೇರ್ತಾ ಹೋದ ಹಾಗೆ ದನಿ ಬದಲಾಗಿ ಗಾಡಿ ಹಗುರಾಗೋದು ಬೇರೆ. ಓಡಿಸಿದೋರಿಗೆ ಗೊತ್ತು.

ಕುಡ್ಲದ_ಕಾರು

ಪಾರ್ಟ್ಸ್ ಮತ್ತು ಪೇಪರ್ ಬಗ್ಗೆ ನಾನು ಹೇಳ್ತೇನೆ. ಫಿಲ್ಟರ್, ಬ್ರೇಕ್ ಪ್ಯಾಡ್, ಬೆಲ್ಟ್, ಬುಷ್ ಇವೆಲ್ಲ ಬೆಂಗಳೂರಿನ ಜೆಸಿ ರೋಡಿನಲ್ಲಿ ಹುಡುಕಿದರೆ ಸಿಗುತ್ತದೆ. ಸಿಗದಿರುವುದು ಬಾಡಿ ಸಾಮಾನು, ಲೈಟು, ಬೀಡಿಂಗ್, ಡ್ಯಾಶ್‌ಬೋರ್ಡಿನ ಪ್ಲಾಸ್ಟಿಕ್. ಮುರಿದದ್ದನ್ನು ಎಸೆಯಬೇಡಿ, ಅಂಟಿಸಿ ಉಳಿಸಿಕೊಳ್ಳಿ. ಎಲ್ಲಾದರೂ ಗುಜರಿಗೆ ಹೋಗುವ 1.3 ಸಿಟಿ (ಇದೇ ಆಕಾರ, ಎಂಜಿನ್ ಮಾತ್ರ ಚಿಕ್ಕದು) ಕಂಡರೆ ಬಾಗಿಲು, ಗ್ಲಾಸು, ಲ್ಯಾಂಪು ತೆಗೆದಿಟ್ಟುಕೊಳ್ಳಿ. ಈ ಆಕಾರದ ಸಿಟಿ ಮೊದಲು ಬಂದದ್ದು ಥಾಯ್ಲೆಂಡಿನಲ್ಲಿ, 1996ರಲ್ಲಿ. ಆ ಕಡೆ ಹೋಗುವ ಪರಿಚಯದವರು ಇದ್ದರೆ ಸಣ್ಣ ಪಾರ್ಟ್ಸ್ ತರಿಸಬಹುದು, ಪಾರ್ಟ್ ನಂಬರ್ ತಾಳೆ ನೋಡಿಯೇ ತರಿಸಿ.

ಇ20: 2023ಕ್ಕಿಂತ ಹಿಂದಿನ ಗಾಡಿಗಳನ್ನು ಅದಕ್ಕೆ ಅಂತ ಮಾಡಿದ್ದಲ್ಲ, ನಿಮ್ಮದಂತೂ ತೀರಾ ಹಳೆಯದು. ಎಥನಾಲ್ ಹಳೆಯ ರಬ್ಬರನ್ನು ತಿನ್ನುತ್ತದೆ, ನೀರನ್ನೂ ಎಳೆದುಕೊಳ್ಳುತ್ತದೆ. ಟ್ಯಾಂಕಿನಿಂದ ಎಂಜಿನ್ ತನಕ ಇರುವ ಪೆಟ್ರೋಲ್ ರಬ್ಬರ್ ಪೈಪನ್ನೆಲ್ಲ ಎಥನಾಲ್ ತಡೆಯುವಂಥದ್ದಕ್ಕೆ ಬದಲಾಯಿಸಿ, ಫಿಲ್ಟರ್ ಹೊಸದು ಹಾಕಿ. ಗಾಡಿ ನಿಲ್ಲಿಸುವಾಗ ಅರ್ಧ ಟ್ಯಾಂಕಿನಲ್ಲಿ ನಿಲ್ಲಿಸಬೇಡಿ, ಖಾಲಿ ಜಾಗದಲ್ಲಿ ಗಾಳಿಯ ತೇವ ಕೂತು ಟ್ಯಾಂಕ್ ಒಳಗಿಂದ ತುಕ್ಕು ಹಿಡಿಯುತ್ತದೆ. ಮಳೆಗಾಲದ ನಮ್ಮ ಕಡೆ ಇದು ಬಹಳ ಮುಖ್ಯ, ನಿಮ್ಮ ಮಲೆನಾಡಿಗೂ ಅಷ್ಟೇ. ವಾರಕ್ಕೊಮ್ಮೆ ಆದರೂ ಎಂಜಿನ್ ಪೂರ್ತಿ ಬಿಸಿಯಾಗುವಷ್ಟು ದೂರ ಓಡಿಸಿ.

ಪೇಪರ್: 15 ವರ್ಷ ದಾಟಿದ ಮೇಲೆ ಐದೈದು ವರ್ಷಕ್ಕೆ ರಿನ್ಯೂ, ಗಾಡಿ ಆರ್‌ಟಿಒಗೆ ತಗೊಂಡು ಹೋಗಿ ತೋರಿಸಬೇಕು, ಹಸಿರು ತೆರಿಗೆ ಬೇರೆ. 2025ರ ಆಗಸ್ಟ್‌ನಲ್ಲಿ ನಿಯಮ ಬದಲಾಗಿ 20 ವರ್ಷ ದಾಟಿದ ಕಾರಿಗೆ ರಿನ್ಯೂವಲ್ ಶುಲ್ಕ 10,000 ರೂಪಾಯಿ ಆಗಿದೆ. ವಿಂಟೇಜ್ ಅಂತ ಮಾಡಿಸುವ ಆಲೋಚನೆ ಬೇಡ, ಅದಕ್ಕೆ 50 ವರ್ಷ ಆಗಿರಬೇಕು. ದಿಲ್ಲಿಯ ಹಾಗೆ 15 ವರ್ಷಕ್ಕೇ ಪೆಟ್ರೋಲ್ ಗಾಡಿ ಬಂದ್ ಎನ್ನುವ ನಿಯಮ ನಮ್ಮಲ್ಲಿಲ್ಲ. ಭದ್ರಾವತಿ ನಿಮ್ಮ ಆರ್‌ಟಿಒಗೇ ಬರುವುದರಿಂದ ಎನ್‌ಒಸಿ (ಬೇರೆ ಆರ್‌ಟಿಒಗೆ ಗಾಡಿ ವರ್ಗಾಯಿಸುವ ಒಪ್ಪಿಗೆ ಪತ್ರ) ಗೋಜೂ ಇಲ್ಲ. ಇನ್ಶೂರೆನ್ಸ್‌ನಲ್ಲಿ ಐದು ವರ್ಷ ದಾಟಿದ ಗಾಡಿಯ ಬೆಲೆ ಇಬ್ಬರೂ ಮಾತಾಡಿ ಒಪ್ಪಿಕೊಳ್ಳುವುದು. ಒಳ್ಳೆಯ ಫೋಟೊ, ಬಿಲ್ಲು ತೋರಿಸಿ ಮಾತಾಡಿ, ಅವರು ಹೇಳಿದ ಮೊದಲ ಅಂಕಿಗೇ ತಲೆಯಾಡಿಸಬೇಡಿ.

ತುಂಗಾತೀರ_14

ಇಷ್ಟು ವಿವರವಾಗಿ ಬರೆದಿದ್ದಕ್ಕೆ ತುಂಬಾ ಥ್ಯಾಂಕ್ಸ್. ಇವತ್ತು ಗೋಣಿಚೀಲ ಹಾಸಿಕೊಂಡೇ ನೋಡಿ ಬಂದೆ. ಎಂಜಿನ್ ನಂಬರ್ ತಾಳೆ ಇದೆ, ಸೊಲೆನಾಯ್ಡೂ ಇದೆ. ಸ್ಟೆಪ್ನಿ ಗುಂಡಿ ಒಣಗಿದೆ. ಎಡಗಡೆ ಹಿಂದಿನ ಕಮಾನಿನಲ್ಲಿ ಮ್ಯಾಗ್ನೆಟ್ ಒಂದು ಅಂಗೈಯಷ್ಟು ಜಾಗದಲ್ಲಿ ಹಿಡಿಯಲಿಲ್ಲ, ಬಲಗಡೆ ಪೂರ್ತಿ ಹಿಡಿಯಿತು. ಯಜಮಾನರು ಮೊದಲ ಸರ್ವಿಸಿನಿಂದ ಎಲ್ಲಾ ಬಿಲ್ ಫೈಲ್ ಮಾಡಿಟ್ಟಿದ್ದಾರೆ. ಟೈಮಿಂಗ್ ಬೆಲ್ಟ್ ಬದಲಾಯಿಸಿದ ಕೊನೆಯ ಬಿಲ್ 2012ರದ್ದು. ಎಡಗಡೆ ಕಮಾನಿನ ಕಾರಣಕ್ಕೆ ಬಿಟ್ಟುಬಿಡಬೇಕಾ?

ಮೈಸೂರು_ವಿಟೆಕ್

ಬಿಡಬೇಡಿ ಸರ್! ಒಂದೇ ಕಡೆ ಅಂಗೈಯಷ್ಟು ಪುಟ್ಟಿ ಅಂದರೆ ಯಾವಾಗಲೋ ತಾಗಿಸಿ ಟಿಂಕರಿಂಗ್ ಮಾಡಿಸಿದ್ದಿರಬಹುದು. ಅದೇ ಫೈಲಿನಲ್ಲಿ ಬಿಲ್ ಇದೆಯಾ ಹುಡುಕಿ. ಪುಟ್ಟಿ ಕೆತ್ತಿಸಿ, ಕೊಳೆತಷ್ಟು ತಗಡು ಕತ್ತರಿಸಿ ಹೊಸದು ವೆಲ್ಡ್ ಮಾಡಿಸಿ, ಮೇಲೆ ಮತ್ತೆ ಪುಟ್ಟಿ ಮೆತ್ತೋಕೆ ಬಿಡಬೇಡಿ. ಆ ಖರ್ಚನ್ನ ಈಗಲೇ ಅಂದಾಜು ಹಾಕಿಸಿ ಬೆಲೆಯಲ್ಲಿ ಕಳೆಯೋಕೆ ಕೇಳಿ. ಮತ್ತೆ ಆ ಫೈಲನ್ನ ಗಾಡಿ ಜೊತೆ ಕೇಳಿ ತಗೊಳ್ಳಿ, ಮರೀಬೇಡಿ.

ಹುಬ್ಬಳ್ಳಿ_ಸ್ಪ್ಯಾನರ್

2012ರ ಬೆಲ್ಟ್ ಅಂದರೆ ಶೆಡ್‌ನಿಂದ ಓಡಿಸಿಕೊಂಡು ಬರೋದು ಬೇಡವೇ ಬೇಡ. ಟೋ ಮಾಡಿಸೋದೂ ಬೇಡ, ಫ್ಲಾಟ್‌ಬೆಡ್‌ನಲ್ಲಿ ಹೇರಿಸಿಕೊಂಡು ಬನ್ನಿ. ನಿಂತು ನಿಂತು ಹಿಂದಿನ ಡ್ರಮ್ ಬ್ರೇಕ್ ಅಂಟಿಕೊಂಡಿರುತ್ತೆ, ಹ್ಯಾಂಡ್‌ಬ್ರೇಕ್ ಹಾಕಿದ್ದರೆ ಖಂಡಿತ. ಎಳೆಯೋ ಮುಂಚೆ ಎರಡೂ ಚಕ್ರ ಜಾಕ್ ಎತ್ತಿ ತಿರುಗುತ್ತಾ ನೋಡಿ. ಬ್ರೇಕ್ ಆಯಿಲ್, ಕೂಲೆಂಟ್, ಟೈರು ಮೂರೂ ಹೊಸದು ಹಾಕಿದ ಮೇಲೆ ಸೆಲ್ಫ್ ಹೊಡೀರಿ. ಪ್ಲಗ್ ಬಿಚ್ಚಿದಾಗ ನಾಲ್ಕರ ಫೋಟೊ ಸಿಲಿಂಡರ್ ಕ್ರಮದಲ್ಲಿ ಇಟ್ಟು ಇಲ್ಲಿ ಹಾಕಿ, ನೋಡಿ ಹೇಳ್ತೀನಿ.