ಬಾಸ್ ಬಾಕ್ಸ್‌ಗೆ ದೊಡ್ಡ ಸ್ಪೀಕರ್ ಹಾಕಿಸಿದವರಿದ್ದೀರಾ?

ಶಿವಮೊಗ್ಗದಿಂದ:
ನಮ್ಮದು ಸಣ್ಣ ಆರ್ಕೆಸ್ಟ್ರಾ, ನಾನು ಬಾಸ್ ಗಿಟಾರ್. ಬಾಕ್ಸ್ ಸೆಕೆಂಡ್ ಹ್ಯಾಂಡ್. ಹತ್ತು ಇಂಚಿನ ಎರಡು ಸ್ಪೀಕರ್, ಎರಡೂ 8 ಓಮ್, ಪ್ಯಾರಲಲ್ ಕನೆಕ್ಷನ್. ದಪ್ಪ ಇ ತಂತಿ ಮೀಟಿದರೆ ಪರಪರ ಅನ್ನುತ್ತದೆ. ಗಣಪತಿ ಹಬ್ಬದ ಪ್ರೋಗ್ರಾಂ ಶುರುವಾಗುವ ಮೊದಲು 400 ವ್ಯಾಟ್‌ನ ಪಿ.ಎ. ಸ್ಪೀಕರ್ (ಸಭೆ ಸಮಾರಂಭದ ಸೌಂಡ್ ಸಿಸ್ಟಮ್‌ನದು) ಹಾಕಿಸೋಣ ಅಂತಿದ್ದೇನೆ. ಹಾಕಿಸಿದವರು ಹೇಳಿ.

ಸಾಗರದಿಂದ:
ಹಾಕಿಸಿದ್ದೇನೆ, ಕೈ ಸುಟ್ಟುಕೊಂಡಿದ್ದೇನೆ. ಮ್ಯಾಗ್ನೆಟ್ ನೋಡಿ ಮರುಳಾದೆ, ಒಳ್ಳೆ ರೊಟ್ಟಿ ಹಂಚಿನ ಹಾಗಿತ್ತು. ಸದ್ದು ಜಾಸ್ತಿ ಆಯಿತು, ಬಾಸೇ ಹೋಯಿತು! ಅದು ಮಿಡ್‌ಬಾಸ್ ಸ್ಪೀಕರ್, ಅಂದರೆ ತೀರಾ ಕೆಳಗಿನ ಸ್ವರಕ್ಕಲ್ಲ, ಅದಕ್ಕಿಂತ ಸ್ವಲ್ಪ ಮೇಲಿನದಕ್ಕೆ ಮಾಡಿದ್ದು. ನನ್ನ ಬಾಕ್ಸ್‌ಗೆ ಹೊಂದುವಂಥದ್ದಲ್ಲ.

ವ್ಯಾಟ್ ಅಂದರೆ ಮುಖ್ಯವಾಗಿ ವಾಯ್ಸ್ ಕಾಯಿಲ್ (ಸ್ಪೀಕರ್ ಒಳಗಿನ ತಂತಿ ಸುರುಳಿ) ಎಷ್ಟು ಬಿಸಿ ತಡೆಯುತ್ತದೆ ಅನ್ನುವ ಲೆಕ್ಕ. ದಪ್ಪ ಇ ತಂತಿ ಸುಮಾರು 41 ಹರ್ಟ್ಸ್. ಅಷ್ಟು ಕೆಳಗೆ ಕಾಯಿಲ್ ಸುಡುವುದಕ್ಕೆ ಮೊದಲೇ ಕೋನ್‌ಗೆ, ಅಂದರೆ ಮುಂದೆ ಅದುರುವ ಭಾಗಕ್ಕೆ, ಹಿಂದೆ ಮುಂದೆ ಓಡಾಡುವ ಜಾಗ ಮುಗಿದಿರುತ್ತದೆ. ಕಂಪನಿ ಕೊಡುವ ಡೇಟಾಶೀಟ್‌ನಲ್ಲಿ ಈ ಓಡಾಟದ ಮಿತಿ ಎಕ್ಸ್‌ಮ್ಯಾಕ್ಸ್ ಅಂತ ಮಿಲಿಮೀಟರ್‌ನಲ್ಲಿ ಇರುತ್ತದೆ, ಮೊದಲು ಅದನ್ನು ನೋಡಿ. ಆಮೇಲೆ ಸೆನ್ಸಿಟಿವಿಟಿ, ಅಂದರೆ ಕೊಟ್ಟ ವ್ಯಾಟ್‌ಗೆ ಎಷ್ಟು ಸದ್ದು ಅನ್ನುವುದು. 97 ಡಿಬಿಯ ಸ್ಪೀಕರ್‌ಗೆ 200 ವ್ಯಾಟ್ ಕೊಡುವುದೂ 94 ಡಿಬಿಯದಕ್ಕೆ 400 ಕೊಡುವುದೂ ಸದ್ದಿನಲ್ಲಿ ಹೆಚ್ಚುಕಮ್ಮಿ ಒಂದೇ. ಇನ್ನು ಎಫ್‌ಎಸ್, ಕ್ಯೂಟಿಎಸ್, ವಿಎಎಸ್ ಅಂತ ಸ್ಪೀಕರ್‌ನ ಗುಣ ಹೇಳುವ ಮೂರು ಅಂಕಿ ಇರುತ್ತವೆ. ಅವನ್ನೂ ಬಾಕ್ಸ್ ಒಳಗಿನ ಲೀಟರ್, ಪೋರ್ಟ್ (ಬಾಕ್ಸ್‌ನ ಗಾಳಿ ಕಿಂಡಿ) ಅಳತೆಯನ್ನೂ ವಿನ್‌ಐಎಸ್‌ಡಿ ಅನ್ನುವ ಫ್ರೀ ಸಾಫ್ಟ್‌ವೇರ್‌ಗೆ ಹಾಕಿದರೆ ಬಾಸ್ ಎಲ್ಲಿ ಬಿದ್ದುಹೋಗುತ್ತದೆ ಅಂತ ಗೆರೆ ಎಳೆದು ತೋರಿಸುತ್ತದೆ. ನಾನು ಇದನ್ನು ಮಾಡಿದ್ದು ದುಡ್ಡು ಕೊಟ್ಟಾದ ಮೇಲೆ.

ತೀರ್ಥಹಳ್ಳಿಯಿಂದ:
ತಮ್ಮಾ, ಮೊದಲು ಬಾಕ್ಸ್ ಬಿಚ್ಚಿ ನೋಡು. ಆರಿದ್ರಾ ಮಳೆ ಹಿಡಿದರೆ ನಮ್ಮ ಕಡೆ ಬೆಲ್ಟಿಗೂ ಬೂಷ್ಟು ಬರುತ್ತದೆ, ಕಾಗದದ ಕೋನ್ ಬಿಡುತ್ತದಾ? ನನ್ನ ಬಾಕ್ಸೂ ಹೀಗೇ ಪರಪರ ಅಂತಿತ್ತು. ಕೊನೆಗೆ ನೋಡಿದರೆ ಸ್ಪೀಕರ್ ಸರಿಯಾಗೇ ಇದೆ. ಥಂಡಿಗೆ ಬಾಕ್ಸ್‌ನ ಎಂಡಿಎಫ್ ಹಲಗೆ ಉಬ್ಬಿ, ಹಿಂದೆ ವೈರ್ ಚುಚ್ಚುವ ಜ್ಯಾಕ್ ಪ್ಲೇಟ್‌ನ ಸ್ಕ್ರೂ ಹಿಡಿತ ಬಿಟ್ಟಿತ್ತು. ಗಾಳಿ ಅಲ್ಲಿಂದ ನುಗ್ಗುತ್ತಿತ್ತು. ಮರಕ್ಕೆ ಕಚ್ಚಿಕೊಳ್ಳುವ ಟೀ ನಟ್ ಹಾಕಿ, ಫೋಮ್ ಪಟ್ಟಿ ಅಂಟಿಸಿದೆ, ಮುಗಿಯಿತು. ಕೋನ್ ಪರೀಕ್ಷೆ ಮಾಡಬೇಕಾದರೆ ಎರಡೂ ಕೈ ಬೆರಳಿನಿಂದ ಸಮನಾಗಿ, ಮೆತ್ತಗೆ ಒತ್ತು. ಕರಕರ ಅಂದರೆ ಕಾಯಿಲ್ ಉಜ್ಜುತ್ತಿದೆ ಅಂತ.

ಕೊಪ್ಪದಿಂದ:
ಒಂದೇ ಮಾತು. 4 ಓಮ್‌ನ ಎರಡು ಸ್ಪೀಕರ್ ತಂದು ಪ್ಯಾರಲಲ್ ಕೊಟ್ಟರೆ 2 ಓಮ್ ಆಗುತ್ತದೆ. ಓಮ್ ಕಮ್ಮಿಯಾದಷ್ಟೂ ಆ್ಯಂಪ್ ಮೇಲೆ ಭಾರ ಜಾಸ್ತಿ. ಆ್ಯಂಪ್ ಹಿಂದೆ ಮಿನಿಮಮ್ 4 ಅಂತ ಬರೆದಿದ್ದರೆ ಅದರ ಕಥೆ ಮುಗಿದ ಹಾಗೆ. ಪ್ಲಸ್ ಮೈನಸ್ ಕೂಡ ನೋಡಿಕೊಳ್ಳಿ. ಒಂದು ಸ್ಪೀಕರ್ ಉಲ್ಟಾ ಆದರೂ ಬಾಸ್ ಮಾಯ. ಬಾಕ್ಸ್‌ಗೆ ಹೋಗುವ ವೈರ್‌ಗೆ 9 ವೋಲ್ಟ್ ಬ್ಯಾಟರಿ ಒಂದು ಕ್ಷಣ ತಾಗಿಸಿ, ಎರಡೂ ಕೋನ್ ಒಂದೇ ಕಡೆ ಹಾರಬೇಕು.

ಶಿವಮೊಗ್ಗದಿಂದ:
ಬಿಚ್ಚಿದೆ ಅಣ್ಣ. ಪ್ಲೇಟ್ ಗಟ್ಟಿಯಾಗಿದೆ. ಒಂದು ಸ್ಪೀಕರ್ ಮಾತ್ರ ಒತ್ತಿದರೆ ಕರಕರ. ಅದೊಂದನ್ನೇ ಬದಲಿಸಲಾ?

ಸಾಗರದಿಂದ:
ಒಂದು ಹಳೆಯದು, ಒಂದು ಬೇರೆ ಮಾಡೆಲ್ ಬೇಡ. ಎರಡೂ ಒಂದೇ ಗಾಳಿಯನ್ನು ಹಂಚಿಕೊಂಡು ಕೆಲಸ ಮಾಡುತ್ತವೆ, ಜೋಡಿ ಸರಿ ಇರಬೇಕು. ಕರಕರ ಅನ್ನುವುದನ್ನು ರಿಕೋನಿಂಗ್‌ಗೆ, ಅಂದರೆ ಹೊಸ ಕೋನ್, ಕಾಯಿಲ್ ಹಾಕಿಸುವುದಕ್ಕೆ ಕೊಡಿ. ಕೊಡುವ ಮೊದಲು ಅದೇ ಮಾಡೆಲ್‌ನ ಕಿಟ್ ಇದೆಯಾ ಕೇಳಿ. ಕೈಗೆ ಸಿಕ್ಕ ಕೋನ್ ಅಂಟಿಸಿಕೊಟ್ಟರೆ ಅದು ಬೇರೆ ಸ್ಪೀಕರೇ ಆಗುತ್ತದೆ.