ಹರಿಶ್ಚಂದ್ರಗಡಕ್ಕೆ ಪುಟ್ಟಿಯನ್ನು ಕಳಿಸುವ ಮುಂಚೆ

ಮಗಳೇ, ದೊಡ್ಡಮ್ಮ ಮಾತಾಡುತ್ತಿದ್ದೇನೆ. ಪುಟ್ಟಿ ಆಫೀಸಿನವರ ಜೊತೆ ಜುಲೈನಲ್ಲಿ ಮಹಾರಾಷ್ಟ್ರದ ಬೆಟ್ಟದ ಕೋಟೆ ಹರಿಶ್ಚಂದ್ರಗಡ ಹತ್ತುತ್ತಾಳಂತೆ, ಕಳಿಸಲಾ ಬೇಡವಾ ಅಂತ ಕೇಳಿದ್ದೀಯ. ನಿಮ್ಮ ದೊಡ್ಡಪ್ಪನ ಮಂಡಿ ಎಲ್ಲರಿಗೂ ಗೊತ್ತಲ್ವಾ? ಅದು ಹಾಳಾಗಿದ್ದು ಆ ಬೆಟ್ಟದಲ್ಲೇ. ಅಲ್ಲಿನ ಊರಿನವರು ಜೊತೆಗಿಲ್ಲದೆ ಹೋಗಬಾರದು.

ಆಗ ನಾವು ಡೊಂಬಿವಲಿಯ ಹಳೇ ಚಾಳಿನಲ್ಲಿದ್ದೆವು. ಇವರ ಬ್ಯಾಂಕಿನವರೆಲ್ಲ ಹೊರಟರು, ನಾನೂ ಹೋದೆ. ಕಲ್ಯಾಣದಲ್ಲಿ ಬಸ್ಸು ಹತ್ತಿ, ಮಾಳಶೇಜ್ ಘಾಟ್ ದಾಟಿ, ಖೂಬಿ ಫಾಟಾದಲ್ಲಿ ಇಳಿದು ಬೆಟ್ಟದ ಬುಡದ ಖಿರೇಶ್ವರ ಊರಿನಿಂದ ಹತ್ತಿದೆವು. ಕರೆದುಕೊಂಡು ಹೋದವನು ಮುಂಬೈಯವನೇ. ಮೇಲಿರುವ ಕೊಂಕಣ ಕಡಾ ಅನ್ನುವ ದೊಡ್ಡ ಕಡಿಬಂಡೆಯ ಅಂಚಿನಲ್ಲಿ ಸೂರ್ಯ ಮುಳುಗುವುದನ್ನು ತೋರಿಸಬೇಕು ಅಂತ ಅವನಿಗೆ ಆತುರ. ಮಳೆಗಾಲದಲ್ಲಿ ಎಲ್ಲಿಯ ಸೂರ್ಯ? ತೋಲಾರ್ ಖಿಂಡ್ ಅನ್ನುವ ಕಣಿವೆ ದಾರಿ ದಾಟಿ ಬಂಡೆ ಹತ್ತುವಷ್ಟರಲ್ಲಿ ಮಂಜು ಇಳಿಯಿತು. ಮೇಲೆಲ್ಲ ಒಂದೇ ಥರದ ದಿಣ್ಣೆಗಳು, ಒಂದು ಇಳಿದರೆ ಇನ್ನೊಂದು. ಇವರು ಹಿಂದೆ ಬಿದ್ದರು. ನಾನು ಇವರ ಜೊತೆ ಉಳಿದೆ. ಅವನು ನಿಲ್ಲಲೇ ಇಲ್ಲ. "ಬನ್ನಿ, ಬನ್ನಿ" ಅನ್ನುವ ದನಿ ದೂರವಾಯಿತು, ಆಮೇಲೆ ಅದೂ ಇಲ್ಲ. ಅವನನ್ನು ಹಿಡಿಯಲು ಹೋಗಿಯೇ ಇವರು ಪಾಚಿಗಲ್ಲಿನ ಮೇಲೆ ಜಾರಿದ್ದು.

ಕೂಗಿ ಕೂಗಿ ಗಂಟಲು ಒಣಗಿತ್ತು. ದನ ಹುಡುಕುತ್ತಿದ್ದ ಖಿರೇಶ್ವರದ ಅಜ್ಜ ಒಬ್ಬರು ಕೇಳಿಸಿಕೊಂಡು ಬಂದರು. ತಲೆಗೆ ಸುತ್ತಿದ್ದ ಬಟ್ಟೆ ಬಿಚ್ಚಿ ಮಂಡಿಗೆ ಬಿಗಿದರು, ಹೆಗಲು ಕೊಟ್ಟರು. ಸ್ವಲ್ಪ ನಡೆಯುವುದು, ನಿಲ್ಲುವುದು, ಮತ್ತೆ ನಡೆಯುವುದು. ಯಾವ ಕಲ್ಲು ಅಲ್ಲಾಡುತ್ತದೆ ಅಂತ ಮಂಜಿನಲ್ಲೂ ಅವರ ಕಾಲಿಗೆ ಗೊತ್ತಿತ್ತು. ರಾತ್ರಿ ಅವರ ಮನೆಯಲ್ಲೇ ಪಿಠ್ಲ, ಭಾಕರಿ ತಿಂದು ಮಲಗಿದೆವು. ಅದಕ್ಕೇ ಮತ್ತೆ ಹೇಳುತ್ತೇನೆ, ಊರಿನವರಿಲ್ಲದೆ ಹೋಗಬಾರದು.

ಆ ಮುಂಬೈಯವನು ಆಮೇಲೆ ಒಂದು ದಿನವೂ ಬಂದು ಕಾಲು ಹೇಗಿದೆ ಅಂತ ಕೇಳಲಿಲ್ಲ. ಅವನಾದರೂ ಹೊರಗಿನವನು. ನನ್ನ ಮೈದುನ ಇವತ್ತಿಗೂ ಮದುವೆಮನೆಗಳಲ್ಲಿ ಎಲ್ಲರೆದುರು "ಅಣ್ಣ ಮೈಭಾರಕ್ಕೆ ಬಿದ್ದ" ಅನ್ನುತ್ತಾನೆ. ನಮ್ಮ ಮನೆಯವರ ಈ ಗ್ರೂಪಿನಲ್ಲೇ ಇದ್ದಾನೆ, ಕೇಳಿಸಿಕೊಳ್ಳಲಿ. ಅಣ್ಣ ಭಾರಕ್ಕೆ ಬೀಳಲಿಲ್ಲ, ಓಡಿಸಿದ್ದಕ್ಕೆ ಬಿದ್ದರು. ಇವರು ಏನೂ ಅನ್ನುವುದಿಲ್ಲ, ಸುಮ್ನೆ ತಟ್ಟೆ ನೋಡಿಕೊಂಡು ಊಟ ಮಾಡುತ್ತಾರೆ. ನನಗೆ ತಡೆಯಲು ಆಗುವುದಿಲ್ಲ.

ಹಾಂ, ನೀನು ಕೇಳಿದ್ದು ಕಳಿಸಬೇಕಾ ಅಂತ. ಕಳಿಸು. ಆದರೆ ರಾಜೂರ್ ಮೇಲೆ ಹೋಗಿ ಪಾಚನೈ ಊರಿನಿಂದ ಹತ್ತಲಿ, ಆ ದಾರಿ ಚಿಕ್ಕದು. ನಳೀಚಿ ವಾಟ್, ಅಂದರೆ ಕಡಿದಾದ ಕೊರಕಲಿನಲ್ಲಿ ಹತ್ತುವ ದಾರಿ, ಅಂತ ಯಾರಾದರೂ ಹೇಳಿದರೆ ಬೇಡವೇ ಬೇಡ. ಪಾಚನೈಯಲ್ಲಿ ಊಟ ಹಾಕುವ ಮನೆಯವರನ್ನೇ ಕೇಳಿ ಊರಿನ ವಾಟಾಡ್ಯಾ, ಅಂದರೆ ದಾರಿ ತೋರಿಸುವವರು, ಒಬ್ಬರನ್ನು ಮೊದಲೇ ಗೊತ್ತು ಮಾಡಿಕೊಳ್ಳಲಿ. ದುಡ್ಡು ಅವರ ಕೈಗೇ ಕೊಡಲಿ. ಎಲ್ಲರಿಗಿಂತ ನಿಧಾನ ನಡೆಯುವವರು ಅವರ ಬೆನ್ನಿಗೇ ಇರಬೇಕು, ಜೋರಾಗಿ ನಡೆಯುವವರು ಕೊನೆಗೆ. ಕೊಂಕಣ ಕಡಾದ ಅಂಚಿಗೆ ಹೋಗಬಾರದು, ಅಲ್ಲಿ ಬಂಡೆ ಮುಂದಕ್ಕೆ ಚಾಚಿದೆ, ಕೆಳಗೆ ಬರೀ ಪ್ರಪಾತ. ಕೇದಾರೇಶ್ವರ ಗುಹೆಯ ನೀರಿಗೂ ಇಳಿಯಬಾರದು, ಹೊರಗಿಂದಲೇ ಕೈ ಮುಗಿಯಲಿ. ಬೆಳಗ್ಗೆ ಬೇಗ ಹತ್ತಿ ಕತ್ತಲಾಗುವ ಮುಂಚೆ ಪಾಚನೈಗೆ ವಾಪಸ್ ಬರಬೇಕು. ಪುಟ್ಟಿಯ ಶೂ ತಳ ಸವೆದಿದ್ದರೆ ಈ ವಾರವೇ ಹೊಸದು ಕೊಡಿಸು, ಹಾಕಿಕೊಂಡು ನಡೆದು ರೂಢಿಯಾಗಲಿ.